ನಾಲಿಗೆ ಕಡ ಕೊಡುವುದು: ಮನೆಯಲ್ಲಿ ಬಿಯರ್ ಮಾಡುವವರು ಬಾಟಲಿ ಹಂಚಿಕೊಳ್ಳುವುದೇಕೆ, ಹೇಗೆ?

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋಗೆ ಹೊಸದಾಗಿ ಬಂದ ಗೆಳೆಯರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ಪಕ್ಕದ ಮನೆಯವರು ಬಾಗಿಲು ತಟ್ಟಿ ನಾಲ್ಕು ಕಂದು ಬಾಟಲಿ ಕೊಟ್ಟು ಹೋಗಿದ್ದರಂತೆ. ಒಂದಕ್ಕೂ ಲೇಬಲ್ ಇಲ್ಲ. ಎರಡರ ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ 7, ಇನ್ನೆರಡರ ಮೇಲೆ 9. "ನಾನೇ ಮಾಡಿದ ಬಿಯರ್, ಕುಡಿದು ಹೇಗಿದೆ ಹೇಳಿ" ಅಂದರಂತೆ.

ಗೆಳೆಯರು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದರು. ಇದನ್ನು ಕುಡಿದರೆ ಏನೂ ಆಗಲ್ಲ ಅಲ್ವಾ? ಕಾನೂನಿಗೆ ಸರಿಯಾ? ವಾಪಸ್ ನಾನೇನು ಕೊಡಬೇಕು?

ಕೆಲಸಕ್ಕೆಂದು ಈ ಕಡೆ ಬರುವ ನಮ್ಮವರಿಗೆ ಈ ಸಂದರ್ಭ ಬೇಗ ಎದುರಾಗುತ್ತದೆ. ಇಲ್ಲಿನ ವಿಲಾಮೆಟ್ ಕಣಿವೆಯಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಬೆಳೆಯುತ್ತಾರೆ. ಬೀದಿಗೊಬ್ಬರಾದರೂ ಗ್ಯಾರೇಜಿನಲ್ಲಿ ಬಿಯರ್ ಮಾಡುವವರು ಸಿಗುತ್ತಾರೇನೋ ಅನ್ನಿಸುತ್ತದೆ. ನಾನೂ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಹಾಗಾಗಿ ಬುಡದಿಂದಲೇ ಹೇಳುತ್ತೇನೆ.

## ರಾಗಿ ಮಾಲ್ಟ್ ಗೊತ್ತಿದ್ದರೆ ಅರ್ಧ ಗೊತ್ತಾದಂತೆ

ಮಗುವಿಗೆ ರಾಗಿ ಮಾಲ್ಟ್ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತೇವೆ. ಮೊಳಕೆ ಬಂದ ಕಾಳು ಬಾಯಿಗೆ ಸ್ವಲ್ಪ ಸಿಹಿ. ಮೊಳೆಯುವಾಗ ಕಾಳಿನೊಳಗೆ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು ಹುಟ್ಟಿಕೊಂಡು ಹಿಟ್ಟನ್ನು ಸಕ್ಕರೆಯಾಗಿ ಒಡೆಯಲು ಶುರುಮಾಡುತ್ತವೆ.

ಬಿಯರಿಗೂ ಇದೇ ಬುನಾದಿ. ರಾಗಿಯ ಜಾಗದಲ್ಲಿ ಬಾರ್ಲಿ ಅಷ್ಟೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಒಡೆದು, ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸುತ್ತಾರೆ. ಆ ಬಿಸಿಯಲ್ಲಿ ಕಿಣ್ವಗಳು ಚುರುಕಾಗಿ ಕೆಲಸ ಮಾಡುತ್ತವೆ, ನೀರು ಸಿಹಿಯಾಗುತ್ತದೆ. ಆಮೇಲೆ ಹೊಟ್ಟು ಸೋಸಿ, ಸಿಹಿನೀರನ್ನು ಇನ್ನೊಂದು ಗಂಟೆ ಕುದಿಸುತ್ತಾರೆ. ಕುದಿಯುವಾಗ ಹಾಪ್ಸ್ ಬೀಳುತ್ತದೆ. ಹಾಪ್ಸ್ ಅಂದರೆ ಒಂದು ಬಳ್ಳಿಯ ಹಸಿರು ಹೂವು. ಬಿಯರಿನ ಕಹಿ ಬರುವುದು ಇದರಿಂದ, ಪರಿಮಳದಲ್ಲೂ ಇದರ ಪಾಲು ದೊಡ್ಡದು. ಬಿಯರ್ ಬೇಗ ಕೆಡದಂತೆ ನೋಡಿಕೊಳ್ಳುವುದೂ ಇದೇ.

ಕುದಿಸಿದ್ದನ್ನು ಬೇಗ ತಣ್ಣಗೆ ಮಾಡಿ ಯೀಸ್ಟ್ ಹಾಕುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ಹಾಲನ್ನು ಮೊಸರು ಮಾಡುತ್ತದೆ, ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಂದೆರಡು ವಾರ ಕಳೆದ ಮೇಲೆ ಬಾಟಲಿಗೆ ತುಂಬುವಾಗ ಅಳೆದು ಸ್ವಲ್ಪ ಸಕ್ಕರೆ ಸೇರಿಸಿ, ಮುಚ್ಚಳ ಒತ್ತುತ್ತಾರೆ. ಉಳಿದ ಯೀಸ್ಟ್ ಆ ಸಕ್ಕರೆಯನ್ನೂ ತಿನ್ನುತ್ತದೆ. ಹುಟ್ಟಿದ ಗ್ಯಾಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಹಾಗಾಗಿ ಬಿಯರಿನಲ್ಲೇ ಕರಗಿ ಕೂರುತ್ತದೆ. ಗೋಲಿ ಸೋಡಾದಲ್ಲಿ ಯಂತ್ರ ತುಂಬುವ ಗ್ಯಾಸನ್ನು ಇಲ್ಲಿ ಯೀಸ್ಟ್ ತುಂಬುತ್ತದೆ. ಇದಕ್ಕೆ ಇನ್ನೆರಡು ವಾರ ಬೇಕು.

ಮನೆಯಲ್ಲಿ ಒಂದು ಸಲ ಮಾಡುವ ಸಾಮಾನ್ಯ ಅಳತೆ 5 ಗ್ಯಾಲನ್, ಅಂದರೆ 19 ಲೀಟರ್. ಸುಮಾರು 50 ಬಾಟಲಿ ಆಗುತ್ತದೆ. ಒಂದೇ ಬಿಯರನ್ನು 50 ಸಲ ಯಾರು ಕುಡಿಯುತ್ತಾರೆ? ಹಬ್ಬದ ಹೋಳಿಗೆ ಜಾಸ್ತಿಯಾದರೆ ಬೀದಿಗೆಲ್ಲ ಹಂಚುವುದಿಲ್ಲವೇ, ಹಂಚಿಕೆ ಶುರುವಾಗುವುದು ಅಲ್ಲಿಂದಲೇ. ಆದರೆ ಅದು ನಿಲ್ಲದೆ ನಡೆದುಕೊಂಡು ಹೋಗುವುದಕ್ಕೆ ಬೇರೆ ಕಾರಣ ಇದೆ.

## ತಾನು ಮಾಡಿದ್ದು ತನಗೆ ಯಾಕೆ ತಿಳಿಯುವುದಿಲ್ಲ?

ಮೀನು ಹುರಿದ ಮನೆಗೆ ಹೊರಗಿನಿಂದ ಬಂದವರಿಗೆ ತಕ್ಷಣ ವಾಸನೆ ಬಡಿಯುತ್ತದೆ. ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಒಂದೇ ವಾಸನೆ ಸುಮಾರು ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಬಿಯರ್ ಮಾಡುವವರು ತಿಂಗಳುಗಟ್ಟಲೆ ಒಂದೇ ವಾಸನೆಯ ಜೊತೆ ಇರುತ್ತಾರೆ. ಅದರ ಮೇಲೆ ಕಷ್ಟಪಟ್ಟು ಮಾಡಿದ ಪ್ರೀತಿ ಬೇರೆ.

ನಾನು ಮೊದಲ ಸಲ ಮಾಡಿದ ಬಿಯರನ್ನು ಎರಡು ವಾರ ಸಂತೋಷವಾಗಿ ಕುಡಿದೆ. ಆಮೇಲೆ ಎರಡು ಬಾಟಲಿ ತೆಗೆದುಕೊಂಡು ಬಿಯರ್ ಮಾಡುವವರ ಕೂಟಕ್ಕೆ ಹೋದೆ. ಅಲ್ಲಿದ್ದ ಹಿರಿಯರೊಬ್ಬರು ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಕುಡಿಯಲಿಲ್ಲ. ಲೋಟದ ಬಾಯನ್ನು ಅಂಗೈಯಿಂದ ಮುಚ್ಚಿ, ಒಂದು ಸುತ್ತು ತಿರುಗಿಸಿ, ಕೈ ತೆಗೆದು ಮತ್ತೆ ಮೂಸಿದರು. ಚೀಟಿಯಲ್ಲಿ ಏನೋ ಬರೆದು ಮಡಚಿಟ್ಟರು. ಇನ್ನಿಬ್ಬರೂ ಹಾಗೇ ಮಾಡಿದರು. ಕೊನೆಗೆ ಮೂರೂ ಚೀಟಿ ಬಿಚ್ಚಿದರೆ, ಮೂರರಲ್ಲೂ ಒಂದೇ ಮಾತು: ಬ್ಯಾಂಡ್-ಏಡ್. ಗಾಯಕ್ಕೆ ಹಚ್ಚುವ ಪಟ್ಟಿಯ ವಾಸನೆ. ಮನೆಗೆ ಬಂದು ಇನ್ನೊಂದು ಬಾಟಲಿ ತೆಗೆದೆ. ಈಗ ನನಗೂ ಅದೇ ವಾಸನೆ. ಅಲ್ಲಿಯವರೆಗೆ ಒಂದು ಸಲವೂ ಬಂದಿರಲಿಲ್ಲ.

ಕಾರಣ ನಲ್ಲಿ ನೀರು. ಕುಡಿಯುವ ನೀರಿನಲ್ಲಿ ಕ್ರಿಮಿ ಸಾಯಲಿ ಅಂತ ಕ್ಲೋರಿನ್ ಹಾಕುತ್ತಾರೆ. ಎಷ್ಟೋ ಊರುಗಳಲ್ಲಿ ಅದು ಕ್ಲೋರಮೈನ್ ರೂಪದಲ್ಲಿ ಇರುತ್ತದೆ. ಕುಡಿಯಲು ತೊಂದರೆ ಇಲ್ಲ. ಬಿಯರಿನಲ್ಲಿರುವ ಫೀನಾಲ್ ಜಾತಿಯ ಅಂಶಗಳ ಜೊತೆ ಸೇರಿದರೆ ಮಾತ್ರ ಕ್ಲೋರೋಫೀನಾಲ್ ಆಗುತ್ತದೆ. ಅದು ಎಳ್ಳಷ್ಟಿದ್ದರೂ ಆಸ್ಪತ್ರೆ ವಾಸನೆ. ಕ್ಲೋರಿನ್ ಕುದಿಸಿದರೆ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮದ್ದು ಅಗ್ಗದ್ದು. ಕ್ಯಾಂಪ್ಡೆನ್ ಅನ್ನುವ ಮಾತ್ರೆಯ ಕಾಲು ಭಾಗವನ್ನು ಪುಡಿ ಮಾಡಿ 19 ಲೀಟರ್ ನೀರಿಗೆ ಕಲಸಿದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನನ್ನ ಮುಂದಿನ ಬಿಯರಿನಲ್ಲಿ ಆ ವಾಸನೆ ಇರಲಿಲ್ಲ.

ಬಾಟಲಿ ಹಂಚಿಕೊಳ್ಳುವುದರ ಜೀವಾಳ ಇದೇ. ಪಕ್ಕದ ಮನೆಯಿಂದ ಕಾಫಿಪುಡಿ ಕಡ ತಂದ ಹಾಗೆ, ಬಿಯರ್ ಮಾಡುವವರು ಬೇರೆಯವರ ಮೂಗು ನಾಲಿಗೆ ಕಡ ತರುತ್ತಾರೆ. ಗೆಳೆಯರ ನೆರೆಯವರು ಬಾಟಲಿ ಕೊಟ್ಟು ಕೇಳಿದ್ದು ಅದನ್ನೇ.

## ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ 1920ರಿಂದ 1933ರವರೆಗೆ ದೇಶಕ್ಕೆಲ್ಲ ಪಾನನಿಷೇಧ ಇತ್ತು. ಅದು ಹೋದ ಮೇಲೆ ಮನೆಯಲ್ಲಿ ವೈನ್ ಮಾಡಲು ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅದು ಬದಲಾಯಿತು. 1979ರ ಫೆಬ್ರವರಿ 1ರಿಂದ ಜಾರಿ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ದರೆ 200 ಗ್ಯಾಲನ್ ಮಾಡಬಹುದು. ತೆರಿಗೆ ಇಲ್ಲ. ಮಾರುವಂತಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೂ ಮುಂಚೆ, 1963ರಲ್ಲೇ, ಮನೆ ಬಿಯರಿಗೆ ಲೈಸೆನ್ಸ್ ಬೇಕು ಅನ್ನುವ ನಿಯಮ ತೆಗೆದಿದ್ದರು.

ದೇಶದ ಕಾನೂನು ಒಪ್ಪಿದರೂ ರಾಜ್ಯ ಒಪ್ಪಬೇಕು. ಮಿಸಿಸಿಪಿ ಮತ್ತು ಅಲಬಾಮ ಒಪ್ಪಿದ್ದು 2013ರಲ್ಲಿ. ಇನ್ನು ಮಾಡುವುದಕ್ಕೆ ಒಪ್ಪಿದ ಮಾತ್ರಕ್ಕೆ ಮನೆಯಿಂದ ಆಚೆ ಒಯ್ಯಲು ಒಪ್ಪಿದ ಹಾಗೂ ಅಲ್ಲ. ಒರೆಗಾನಿನಲ್ಲೇ ಇದು ನಡೆಯಿತು. ರಾಜ್ಯದ ಕಾನೂನಿನಲ್ಲಿದ್ದ ಮಾತುಗಳನ್ನು 2010ರಲ್ಲಿ ಮತ್ತೆ ಓದಿದಾಗ, ಮನೆ ಬಿಯರನ್ನು ಮನೆಯಲ್ಲೇ ಕುಡಿಯಬೇಕು ಅನ್ನುವ ಅರ್ಥ ಬಂತು. ಆ ವರ್ಷ ರಾಜ್ಯದ ದೊಡ್ಡ ಜಾತ್ರೆಯಾದ ಸ್ಟೇಟ್ ಫೇರಿನಲ್ಲಿ ಮನೆ ಬಿಯರ್ ಸ್ಪರ್ಧೆಯನ್ನೇ ರದ್ದು ಮಾಡಬೇಕಾಯಿತು. ಕೂಟಗಳೂ ಗೊಂದಲಕ್ಕೆ ಬಿದ್ದವು. 2011ರಲ್ಲಿ ಶಾಸನಸಭೆ ಕಾನೂನು ತಿದ್ದಿತು. ಈಗ ಇಲ್ಲಿ ನೆರೆಯವರಿಗೆ ಕೊಡಬಹುದು, ಕೂಟಕ್ಕೆ, ಸ್ಪರ್ಧೆಗೆ ಒಯ್ಯಬಹುದು.

ದುಡ್ಡು ಮಾತ್ರ ಕೈ ಬದಲಾಗಬಾರದು. ಕೊಡುವವರಿಗೂ ಕುಡಿಯುವವರಿಗೂ 21 ತುಂಬಿರಬೇಕು. ಬೇರೆ ಊರಿನ ಗೆಳೆಯರಿಗೆ ಅಂಚೆಯಲ್ಲಿ ಕಳಿಸಲು ಹೋಗಬೇಡಿ. ಅಮೆರಿಕದ ಸರ್ಕಾರಿ ಅಂಚೆ ಮದ್ಯವನ್ನು ಒಯ್ಯುವುದಿಲ್ಲ. ದೊಡ್ಡ ಖಾಸಗಿ ಕೊರಿಯರುಗಳು ಲೈಸೆನ್ಸ್ ಇದ್ದವರಿಂದ ಮಾತ್ರ ತೆಗೆದುಕೊಳ್ಳುತ್ತವೆ.

ಊರಿಗೆ ಹೋದಾಗ ಇದನ್ನು ಮಾಡಿ ತೋರಿಸುತ್ತೇನೆ ಅನ್ನುವವರಿಗೆ ಒಂದು ಮಾತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಪಬ್ಬುಗಳಲ್ಲಿ ಕಣ್ಣೆದುರೇ ಬಿಯರ್ ಮಾಡುತ್ತಾರಲ್ಲ, ಅವರ ಹತ್ತಿರ ಅದಕ್ಕೆಂದೇ ಪರವಾನಗಿ ಇರುತ್ತದೆ.

## ಕುಡಿದರೆ ಏನೂ ಆಗುವುದಿಲ್ಲವೇ?

ಈ ಭಯ ನಮ್ಮವರಿಗೆ ಜಾಸ್ತಿ. ಅದಕ್ಕೆ ಕಾರಣವೂ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇಂಥ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್. ಕಾರ್ಖಾನೆಯ ಕೆಲಸಕ್ಕೆ ಬಳಸುವ ಈ ರಾಸಾಯನಿಕವನ್ನು ದುಡ್ಡಿನ ಆಸೆಗೆ ಬೆರೆಸುತ್ತಾರೆ. ಬಾರ್ಲಿ ಬಿಯರ್ ಹುದುಗುವಾಗ ಮೆಥನಾಲ್ ಲೆಕ್ಕಕ್ಕೆ ಬರುವಷ್ಟು ಹುಟ್ಟುವುದಿಲ್ಲ. ಬಿಯರನ್ನು ಭಟ್ಟಿ ಇಳಿಸುವುದೂ ಇಲ್ಲ. ಮನೆಯಲ್ಲಿ ಭಟ್ಟಿ ಇಳಿಸುವುದಕ್ಕೆ ಅಮೆರಿಕದ ಕಾನೂನು ಅವಕಾಶ ಕೊಟ್ಟಿಲ್ಲ.

ಕ್ರಿಮಿಗಳ ವಿಷಯಕ್ಕೆ ಬಂದರೆ, ಬಿಯರಿನಲ್ಲಿ ಆಲ್ಕೋಹಾಲ್ ಇದೆ, ಹುಳಿ ಗುಣ ಇದೆ, ಹಾಪ್ಸ್ ಇದೆ. ಮನುಷ್ಯರಿಗೆ ಕಾಯಿಲೆ ತರುವ ಕ್ರಿಮಿಗಳಿಗೆ ಅದು ಒಗ್ಗುವ ಜಾಗವಲ್ಲ. ಬಿಯರ್ ಕೆಟ್ಟರೆ ಹುಳಿಯಾಗುತ್ತದೆ, ವಾಸನೆ ಬರುತ್ತದೆ. ಬಾಯಿಗೆ ಹಿಡಿಸುವುದಿಲ್ಲ, ಅಷ್ಟೇ.

ನಿಜವಾದ ಅಪಾಯ ಬಾಟಲಿಯದು. ಹುದುಗುವುದು ಪೂರ್ತಿ ಮುಗಿಯುವ ಮೊದಲೇ ತುಂಬಿದ್ದರೆ, ಅಥವಾ ಸಕ್ಕರೆ ಜಾಸ್ತಿಯಾಗಿದ್ದರೆ, ಒಳಗೆ ಗ್ಯಾಸ್ ಏರುತ್ತಲೇ ಹೋಗುತ್ತದೆ. ಗಾಜು ಸಿಡಿಯಬಹುದು. ಹಾಗಾಗಿ ಕೈಗೆ ಬಂದ ಬಾಟಲಿಯನ್ನು ನೇರ ಫ್ರಿಜ್ಜಿಗೆ ಇಡಿ. ತಂಪಿನಲ್ಲಿ ಯೀಸ್ಟ್ ಮಲಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ.

ಸಸ್ಯಾಹಾರಿಗಳು ಇನ್ನೊಂದು ವಿಷಯ ಕೇಳಿಕೊಳ್ಳಬೇಕು. ಬಿಯರ್ ತಿಳಿಯಾಗಲಿ ಅಂತ ಕೆಲವರು ಜೆಲಟಿನ್ ಹಾಕುತ್ತಾರೆ, ಅದು ಪ್ರಾಣಿಯ ಚರ್ಮ ಮೂಳೆಯಿಂದ ಬರುತ್ತದೆ. ಐಸಿಂಗ್ಲಾಸ್ ಅನ್ನುವುದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಐರಿಶ್ ಮಾಸ್ ಅಂದರೆ ಕಡಲ ಪಾಚಿ, ಅದಕ್ಕೆ ಅಡ್ಡಿಯಿಲ್ಲ. "ತಿಳಿ ಮಾಡಲು ಏನು ಹಾಕಿದಿರಿ?" ಅಂತ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಖುಷಿಯಿಂದ ಹೇಳುತ್ತಾರೆ.

## ಲೋಟಕ್ಕೆ ಸುರಿಯುವ ಮೊದಲು, ಸುರಿದ ಮೇಲೆ

ಮನೆ ಬಿಯರಿನ ಬಾಟಲಿಯನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಬೂದುಬಣ್ಣದ ತೆಳು ಗಸಿ ಕಾಣುತ್ತದೆ. ಕೆಲಸ ಮುಗಿಸಿ ಕೆಳಗೆ ಕೂತ ಯೀಸ್ಟ್ ಅದು. ಒಂದು ದಿನ ಮುಂಚೆಯೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ಸುರಿಯುವಾಗ ಲೋಟವನ್ನು ಓರೆ ಹಿಡಿದು, ನಡುವೆ ನಿಲ್ಲಿಸದೆ ಒಂದೇ ಸಮನೆ ಸುರಿಯಿರಿ. ಗಸಿ ಕದಡಿ ಕುತ್ತಿಗೆ ಕಡೆ ಬರುತ್ತಿದ್ದಂತೆ ನಿಲ್ಲಿಸಿ. ಬೆಣ್ಣೆ ಕಾಸಿದ ಪಾತ್ರೆಯಿಂದ ತುಪ್ಪ ಬಗ್ಗಿಸುತ್ತೇವಲ್ಲ, ಅದೇ ಕೈಚಳಕ. ಗಸಿ ಕುಡಿದರೆ ಅಪಾಯವಿಲ್ಲ. ಕೆಲವರಿಗೆ ಹೊಟ್ಟೆ ಗುಡುಗುಡು ಅನ್ನಬಹುದು.

ತೀರಾ ತಣ್ಣಗಿದ್ದರೆ ರುಚಿ ಮುಚ್ಚಿಹೋಗುತ್ತದೆ. ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ಎರಡು ಮೂರು ಬಿಯರ್ ಇದ್ದರೆ ಹಗುರವಾದುದರಿಂದ ಶುರುಮಾಡಿ, ಕಪ್ಪಗಿರುವುದು, ಕಹಿ ಜಾಸ್ತಿ ಇರುವುದು, ಕಿಕ್ ಜಾಸ್ತಿ ಇರುವುದು ಕೊನೆಗೆ. ಮದುವೆ ಊಟದಲ್ಲಿ ಉಪ್ಪಿನಕಾಯಿ ಮೊದಲು ನೆಕ್ಕಿ ಆಮೇಲೆ ಪಾಯಸ ತಿಂದರೆ ಪಾಯಸದ ರುಚಿ ತಿಳಿಯುತ್ತದೆಯೇ? ಹಾಗೇ ಇದು. ಕೂಟಗಳಲ್ಲಿ ಒಬ್ಬರಿಗೆ ಒಂದು ಬಿಯರಿನಿಂದ 60ರಿಂದ 90 ಮಿಲಿ ಸುರಿಯುತ್ತಾರೆ. ನಡುನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡು. ಊದುಬತ್ತಿ ಹಚ್ಚಿದ ಕೋಣೆಯಲ್ಲಿ, ಒಗ್ಗರಣೆ ಹಾಕಿದ ಅಡುಗೆಮನೆಯಲ್ಲಿ ಕೂರಬೇಡಿ.

ಮೊದಲು ಮೂಸಿ. ನೊರೆ ಇಳಿಯುವ ಮುಂಚೆಯೇ. ಆವಿಯಾಗಿ ಹೋಗುವ ಕೆಲವು ವಾಸನೆಗಳು ಮೊದಲ ನಿಮಿಷದಲ್ಲಿ ಮಾತ್ರ ಸಿಗುತ್ತವೆ. ಆಮೇಲೆ ಬಣ್ಣ, ನೊರೆ ನೋಡಿ. ಆಮೇಲೆ ಗುಟುಕು. ಬಾಯಲ್ಲೆಲ್ಲ ಆಡಿಸಿ ನುಂಗಿ, ನುಂಗಿದ ಮೇಲೆ ಉಳಿಯುವುದೇನು ಗಮನಿಸಿ. ಕಹಿ ಹಿತವಾಗಿದೆಯಾ, ಅಥವಾ ಬಾಳೆಕಾಯಿ ಸಿಪ್ಪೆ ಕಚ್ಚಿದ ಹಾಗೆ ಒಗರಾಗಿದೆಯಾ?

ಸ್ಪರ್ಧೆಗಳಲ್ಲಿ ಇದಕ್ಕೆ ಅಂಕಪಟ್ಟಿಯೇ ಇದೆ. ಬಿಯರ್ ತೀರ್ಪುಗಾರರನ್ನು ತಯಾರು ಮಾಡುವ ಬಿಜೆಸಿಪಿ ಎಂಬ ಸಂಸ್ಥೆ 1985ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅವರ ಪಟ್ಟಿಯಲ್ಲಿ ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನ್ನಿಸಿತು ಅನ್ನುವುದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಮೂರೇ ಅಂಕ ಅನ್ನುವುದನ್ನು ಗಮನಿಸಿ. ಬಿಯರ್ ಮಂಕಾಗಿ ಕಂಡರೆ ತಲೆಕೆಡಿಸಿಕೊಳ್ಳಬೇಡಿ. ತೀರ್ಪುಗಾರರಿಗೆ ಮಾಡಿದವರ ಹೆಸರು ಗೊತ್ತಿರುವುದಿಲ್ಲ, ಬಿಯರಿನ ಜಾತಿ ಮಾತ್ರ ಗೊತ್ತಿರುತ್ತದೆ. ಗೆಳೆಯರಿಗೆ ಬಂದ ಬಾಟಲಿಗಳ ಮುಚ್ಚಳದ ಮೇಲೆ ಬರೀ ನಂಬರ್ ಇರುವುದಕ್ಕೂ ಇದೇ ಕಾರಣ ಇರಬಹುದು. 7 ಯಾವುದು, 9 ಯಾವುದು ಅಂತ ಮೊದಲೇ ಹೇಳಿದರೆ ನಾಲಿಗೆ ಅದನ್ನೇ ಹುಡುಕುತ್ತದೆ.

## ವಾಸನೆ ಹೇಳುವ ಕಥೆ

ಬಿಯರಿನ ದೋಷಗಳು ಅಡುಗೆಮನೆಯ ವಾಸನೆಗಳಲ್ಲಿ ಮಾತಾಡುತ್ತವೆ. ನಮ್ಮಲ್ಲಿ ಅಡುಗೆ ಮಾಡುವವರಿಗೆ ಇದು ಸಲೀಸು.

ಮುಸುಕಿನ ಜೋಳ ಬೇಯಿಸಿದ ನೀರಿನ ವಾಸನೆ ಬಂದರೆ, ಕುದಿಸುವಾಗ ಪಾತ್ರೆ ಮುಚ್ಚಿಟ್ಟಿದ್ದರು ಅಂತ ಊಹಿಸಬಹುದು. ಮಾಲ್ಟಿನಿಂದ ಬರುವ ಗಂಧಕದ ಒಂದು ಅಂಶ ಆವಿಯ ಜೊತೆ ಹೊರಗೆ ಹೋಗಬೇಕು. ಮುಚ್ಚಳ ಇದ್ದರೆ ಹನಿಯಾಗಿ ವಾಪಸ್ ಬೀಳುತ್ತದೆ. ಹಸಿರು ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳೆಯದು, ಕಾಯಬೇಕು. ಮಳೆಯಲ್ಲಿ ನೆಂದ ರಟ್ಟಿನ ವಾಸನೆ ಗಾಳಿ ತಾಗಿದ್ದಕ್ಕೆ ಗುರುತು. ಬಿಸಿಲು ತಾಗಿದ ಬಿಯರಿಗೆ ಸ್ಕಂಕ್ ಎಂಬ ಪ್ರಾಣಿ ಬಿಡುವ ನಾತ. ಬೆಳಕು ಹಾಪ್ಸಿನ ಕಹಿ ಅಂಶವನ್ನು ಒಡೆಯುವುದರಿಂದ ಹೀಗಾಗುತ್ತದೆ. ಕಂದು ಗಾಜು ಆ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ.

ಬೆಣ್ಣೆಯ ವಾಸನೆ ನನಗೆ ಬಹಳ ಇಷ್ಟದ ಪಾಠ. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ನೆನಪಾಗುತ್ತದೆ. ಅದರ ಹೆಸರು ಡಯಾಸಿಟೈಲ್. ಹುದುಗುವಾಗ ಯೀಸ್ಟಿನಿಂದಲೇ ಹುಟ್ಟುತ್ತದೆ, ಸಮಯ ಕೊಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಅವಸರ ಮಾಡಿ ತಣ್ಣಗೆ ಮಾಡಿಬಿಟ್ಟರೆ ಉಳಿದುಹೋಗುತ್ತದೆ. ಬಾಟಲಿಗೆ ತುಂಬುವ ಮೊದಲೇ ಇದನ್ನು ಹಿಡಿಯುವ ಒಂದು ಪರೀಕ್ಷೆ ಇದೆ. ಎರಡು ಲೋಟಕ್ಕೆ ಒಂದೊಂದು ಗುಟುಕು ಬಿಯರ್ ತೆಗೆದು ಮುಚ್ಚಿ. ಒಂದನ್ನು ಸುಮ್ನೆ ಇಡಿ. ಇನ್ನೊಂದನ್ನು ಕೈ ಸುಡುವಷ್ಟು ಬಿಸಿನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ತೆಗೆದು ಮೊದಲಿನದರಷ್ಟೇ ತಣ್ಣಗೆ ಮಾಡಿ. ಈಗ ಎರಡನ್ನೂ ಮೂಸಿ. ಬಿಸಿಯಾಗಿದ್ದ ಲೋಟದಲ್ಲಿ ಮಾತ್ರ ಬೆಣ್ಣೆ ಬಂದರೆ, ಬೆಣ್ಣೆ ಆಗಲಿರುವ ಅಂಶ ಇನ್ನೂ ಒಳಗೆ ಅಡಗಿದೆ ಅಂತ ಅರ್ಥ. ಕೆಲವು ದಿನ ತಡೆಯಬೇಕು. ಎರಡರಲ್ಲೂ ಇಲ್ಲದಿದ್ದರೆ ತುಂಬಬಹುದು.

ಎಲ್ಲ ವಾಸನೆಯೂ ದೋಷವಲ್ಲ. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಇರಲೇಬೇಕು. ಅದಕ್ಕೆಂದೇ ಆ ಯೀಸ್ಟ್ ಆರಿಸುತ್ತಾರೆ. ಒರೆಗಾನಿನ ಎಷ್ಟೋ ಬಿಯರುಗಳಲ್ಲಿ ಬರುವ ಚಕ್ಕೋತದ ಸಿಪ್ಪೆಯಂಥ ಪರಿಮಳ ಕ್ಯಾಸ್ಕೇಡ್ ಎಂಬ ಹಾಪ್ಸಿನದು. ಇಲ್ಲಿನ ಕಾರ್ವಾಲಿಸ್ ಊರಿನ ಸಂಶೋಧಕರು ಬೆಳೆಸಿ 1972ರಲ್ಲಿ ಹೊರಗೆ ತಂದ ತಳಿ ಅದು. ಹಾಗಾಗಿ ನಿಮಗೆ ಸರಿ ತಪ್ಪು ಗೊತ್ತಿರಬೇಕಾಗಿಲ್ಲ. ಏನು ಬಂತೋ ಅದನ್ನು ಹೇಳಿ. ಸರಿಯಾ ತಪ್ಪಾ ಅನ್ನುವುದು ಮಾಡಿದವರಿಗೆ ಗೊತ್ತಾಗುತ್ತದೆ.

## ವಾಪಸ್ ಏನು ಕೊಡಬೇಕು?

ನಾವು "ಪರವಾಗಿಲ್ಲ" ಅನ್ನುವ ಜನ. ಆ ಮಾತಿಗೆ ಚೆನ್ನಾಗಿದೆ ಅಂತಲೂ ಅರ್ಥ, ಅಷ್ಟೇನೂ ಇಲ್ಲ ಅಂತಲೂ ಅರ್ಥ. ಬಿಯರ್ ಮಾಡಿದವರಿಗೆ ಅದರಿಂದ ಉಪಯೋಗವಿಲ್ಲ. "ಸೂಪರ್" ಅಂದರೂ ಅಷ್ಟೇ. ಒಂದು ಚೀಟಿಯಲ್ಲಿ ನಂಬರ್ ಹಾಕಿ ಮೂರು ಸಾಲು ಬರೆಯಿರಿ. "7: ಮೂಸಿದಾಗ ಹುರಿದ ರಾಗಿ ಹಿಟ್ಟಿನ ಹಾಗೆ. ಕುಡಿದರೆ ಕಾಫಿ, ಕೊನೆಯಲ್ಲಿ ಸ್ವಲ್ಪ ಒಗರು. 9: ನೊರೆ ಉಕ್ಕಿ ಬಂತು, ಬೆಣ್ಣೆ ವಾಸನೆ ಇದೆಯಾ ಅಂತ ಅನುಮಾನ." ಹುರಿದ ರಾಗಿ ಅಂದರೇನು ಅಂತ ಅವರು ಕೇಳಿದರೆ ಒಂದು ಹಿಡಿ ತೋರಿಸಿ. ನನ್ನ ಕೂಟದವರಿಗೆ ಹಾಗೆ ತೋರಿಸಿದ ಮೇಲೆ, ಕಪ್ಪು ಬಿಯರ್ ಬಂದಾಗಲೆಲ್ಲ ಒಬ್ಬರು ನನ್ನ ಕಡೆ ತಿರುಗಿ "ರಾಗಿ?" ಅಂತ ಕೇಳುತ್ತಾರೆ.

ನೀವು ಬಿಯರ್ ಮಾಡುವವರಾದರೆ ನಿಮ್ಮ ಎರಡು ಬಾಟಲಿ ಕೊಡಿ. ಮಾಡದವರಾದರೆ ಖಾಲಿ ಬಾಟಲಿಗಳೇ ಸಾಕು. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಲ್ಲಿ ಹೇಳುತ್ತಾರೆ. ಇಲ್ಲಿ ಖಾಲಿ ಬಾಟಲಿಯೇ ಬೆಲೆಬಾಳುವ ವಸ್ತು. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಗಳು ಇವರಿಗೆ ಕೆಲಸಕ್ಕೆ ಬರುವುದಿಲ್ಲ. ಓಪನರ್ ಹಾಕಿ ತೆಗೆಯುವ ಕಂದು ಬಾಟಲಿಯೇ ಬೇಕು. ಅಂಗಡಿಯಿಂದ ತಂದ ಅಂಥ ಬಾಟಲಿ ಮನೆಯಲ್ಲಿ ಬಿದ್ದಿದ್ದರೆ ಅದನ್ನೂ ಜೊತೆಗೆ ಸೇರಿಸಿ, ಲೇಬಲನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದು.

ಕುಡಿದ ರಾತ್ರಿಯೇ ಬಾಟಲಿಯನ್ನು ಮೂರು ಸಲ ಬಿಸಿನೀರಿನಲ್ಲಿ ಗಲಗಲ ಅಲ್ಲಾಡಿಸಿ ತೊಳೆದು, ತಲೆಕೆಳಗು ಮಾಡಿ ಒಣಗಿಸಿ. ಸೋಪು ಬೇಡ, ಅದು ಉಳಿದರೆ ಮುಂದಿನ ಬಿಯರಿನ ನೊರೆ ಕೆಡುತ್ತದೆ. ಬೆಳಿಗ್ಗೆಯವರೆಗೆ ಬಿಟ್ಟರೆ ಗಸಿ ತಳಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಬ್ರಷ್ ಹಾಕಿ ಉಜ್ಜಬೇಕಾಗುತ್ತದೆ. ಚೀಟಿಯನ್ನು ಮಡಚಿ ಒಂದು ಬಾಟಲಿಯ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಅವರ ಬಾಗಿಲು ತಟ್ಟಿ.